ಸದ್ದಡಗಿದರೆ ಸಾಕೆ?

ಸದ್ದಿಲ್ಲದ ಮನೆಯನ್ನು ನಾವು ಒಳ್ಳೆಯ ಮನೆ ಎನ್ನುತ್ತೇವೆ. 'ಅವರ ಮನೆಯ ಒಂದು ಮಾತೂ ಹೊರಗೆ ಕೇಳುವುದಿಲ್ಲ' ಎಂಬುದು ದೊಡ್ಡ ಹೊಗಳಿಕೆ. ಸದ್ದು ಹೇಗೆ ಅಡಗಿತು ಎಂದು ಕೇಳುವವರು ಕಡಿಮೆ. ನನಗೆ ಈ ಪ್ರಶ್ನೆ ಹುಟ್ಟಿದ್ದು ಮೈದುನ ಕೈಯಾರೆ ಕಟ್ಟಿದ ವಾಲ್ವ್ ಆಂಪ್ಲಿಫೈಯರಿನಿಂದ.

ಹಳೆಯ ರೇಡಿಯೊಗಳೊಳಗೆ ಮಿಣುಗುತ್ತಿದ್ದ ಗಾಜಿನ ವಾಲ್ವುಗಳು ನಿಮಗೂ ನೆನಪಿರಬಹುದು. ಅಂಥವನ್ನೇ ಹುಡುಕಿ ತಂದು ಲೋಹದ ಪೆಟ್ಟಿಗೆಯ ಮೇಲೆ ಕೂರಿಸಿದ್ದ. ಟೇಪ್‌ರೆಕಾರ್ಡರಿನ ಹಾಡು ಚೆನ್ನಾಗಿಯೇ ಬರುತ್ತಿತ್ತು. ಸ್ವಿಚ್ಚನ್ನು ಕಂಪ್ಯೂಟರಿನ ಕಡೆ ತಿರುಗಿಸಿದರೆ ಮಾತ್ರ ದುಂಬಿ ಹೊಕ್ಕಂತೆ 'ಗುಂಯ್'. ಸ್ವಿಚ್ಚಿನದೇ ತಪ್ಪೆಂದು ಎಲ್ಲರ ತೀರ್ಮಾನ. ಹೊಸದು ಹಾಕಿದರೂ ಅದೇ ರಾಗ.

'ಪ್ಲಗ್ಗಿನ ಅರ್ತಿಂಗ್ ತಂತಿ ಕತ್ತರಿಸು, ಸದ್ದು ನಿಲ್ಲುತ್ತದೆ' ಎಂದ ಅವನ ಗೆಳೆಯ.

'ನಿಲ್ಲುವುದೇನೋ ನಿಜ ಅತ್ತಿಗೆ' ಎಂದು ಮೈದುನ ನನಗೆ ವಿವರಿಸಿದ. ಎರಡು ಯಂತ್ರಗಳಿಗೂ ಅರ್ತಿಂಗ್ ಇದೆ. ಹಾಡು ತರುವ ತಂತಿಯೂ ಅವನ್ನು ಮತ್ತೊಮ್ಮೆ ಬೆಸೆದಿದೆ. ಆ ಸುತ್ತಿನಲ್ಲಿ ಹರಿಯುವ ಅಲ್ಪ ವಿದ್ಯುತ್ತೇ 50 ಹರ್ಟ್ಸಿನ ಗುಂಯ್. ಆದರೆ ಅರ್ತಿಂಗ್ ಕಿತ್ತ ಮೇಲೆ ಎಂದಾದರೂ ಒಳಗಿನ ಕರೆಂಟು ಪೆಟ್ಟಿಗೆಗೆ ತಗುಲಿದರೆ ಫ್ಯೂಸು ಹಾರದೆ ಉಳಿಯಬಹುದು. ಪೆಟ್ಟಿಗೆ ಮುಟ್ಟಿದವರ ಗತಿ? ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿಂಗಿನದು ಉದ್ದ. ಅದು ಮೊದಲು ಕೂಡಬೇಕು, ಕೊನೆಗೆ ಬಿಡಬೇಕು.

ನನಗೆ ಪರಿಚಿತಳಾದ ಒಬ್ಬ ಸೊಸೆಯ ನೆನಪಾಯಿತು. ಜಗಳದ ಮೂಲ ಹುಡುಕುವ ಬದಲು ಮನೆಯವರು ಆಕೆಯ ತವರಿನ ಓಡಾಟ ನಿಲ್ಲಿಸಿದರು. ಆಕೆ ಮೌನವಾದಳು. 'ಈಗ ಮನೆ ಶಾಂತ' ಎಂದು ಎಲ್ಲರಿಗೂ ಸಮಾಧಾನ. ಆಪತ್ತಿಗೆ ಒದಗಬೇಕಾದ ನೆಲೆಯೇ ಕಡಿದುಹೋಯಿತೆಂದು ಯಾರಿಗೂ ಅನಿಸಲಿಲ್ಲ.

ಹಾಗೆಂದು ಸದ್ದನ್ನು ಸಹಿಸಿಕೊಂಡಿರಬೇಕೆ? ಬೇಡ. ಗುಂಯ್ಗುಡುವಲ್ಲಿ ಹಾಡು ಕೇಳದು. ಮೈದುನ ಅರ್ತಿಂಗನ್ನು ಮುಟ್ಟದೆ, ಹಾಡಿನ ತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿದ. ಅದು ಹಾಡನ್ನು ದಾಟಿಸುತ್ತದೆ, ಸುತ್ತನ್ನು ಕಡಿಯುತ್ತದೆ. ಖರ್ಚಾಯಿತು, ಎರಡು ಭಾನುವಾರಗಳೂ ಹೋದವು.

ಮನೆಯ ನೆಮ್ಮದಿಗೂ ಅಷ್ಟು ತಾಳ್ಮೆ ಬೇಡವೆ? ಶಾಂತವಾದ ಮನೆ ಕಂಡಾಗ ಈಗ ನಾನು ಹೊಗಳುವ ಮೊದಲು ನೋಡುವುದು ಒಂದನ್ನೇ: ಅಲ್ಲಿ ಯಾರ ಆಸರೆಯ ತಂತಿ ಕತ್ತರಿಸಿದ್ದಾರೆ?