ಸುಳ್ಳು ಹೇಳದೆಯೂ ಮೋಸ ಮಾಡಬಹುದಾ?

2016ರ ಜನವರಿ. ನ್ಯೂಜೆರ್ಸಿಯ ನಮ್ಮ ಮನೆ ಹತ್ತಿರದ ಪೆಟ್ರೋಲ್ ಬಂಕಿನ ಅಂಗಡಿಯಿಂದ ಸಾಲು ಹೊರಗೆ ಬಂದಿತ್ತು. ಪವರ್‌ಬಾಲ್ ಲಾಟರಿಯ ಜಾಕ್‌ಪಾಟ್ 150 ಕೋಟಿ ಡಾಲರ್ ದಾಟಿತ್ತು. ಆ ಚಳಿಯಲ್ಲಿ ನಾನೂ ನಿಂತೆ, 2 ಡಾಲರ್ ಕೊಟ್ಟು ಒಂದು ಟಿಕೆಟ್ ತಗೊಂಡೆ. ಆ ರಾತ್ರಿ ಮಲಗುವ ಮುಂಚೆ ಊರಲ್ಲಿ ತೋಟ ಕೊಂಡು, ಅಕ್ಕನ ಸಾಲ ತೀರಿಸಿಯೂ ಆಗಿತ್ತು!

ಆಮೇಲೆ ಲೆಕ್ಕ ಹಾಕಲು ಕೂತೆ. ಜಾಕ್‌ಪಾಟ್ ಅಷ್ಟು ದೊಡ್ಡದಾದದ್ದು ಹೇಗೆ? 2012ರಲ್ಲಿ ಟಿಕೆಟ್ ಬೆಲೆ 1 ಡಾಲರಿನಿಂದ 2 ಡಾಲರಿಗೆ ಏರಿತು. 2015ರ ಅಕ್ಟೋಬರಿನಲ್ಲಿ ಆಟದ ನಿಯಮವೇ ಬದಲಾಯಿತು. ಮೊದಲು 59 ಬಿಳಿ ಚೆಂಡುಗಳಲ್ಲಿ 5, 35 ಕೆಂಪು ಚೆಂಡುಗಳಲ್ಲಿ 1 ಸರಿಯಾಗಿ ಹೇಳಬೇಕಿತ್ತು. ಈಗ 69ರಲ್ಲಿ 5, 26ರಲ್ಲಿ 1. ನೋಡೋಕೆ ಸಣ್ಣ ಬದಲಾವಣೆ. ಆದರೆ ಗೆಲ್ಲುವ ಅವಕಾಶ ಸುಮಾರು 17.5 ಕೋಟಿಯಲ್ಲಿ ಒಂದು ಇದ್ದದ್ದು 29.2 ಕೋಟಿಯಲ್ಲಿ ಒಂದಾಯಿತು. ಸೆಕೆಂಡಿಗೊಂದರಂತೆ ರಾಗಿಕಾಳು ಎಣಿಸುತ್ತಾ ಕೂತರೆ 29.2 ಕೋಟಿ ಮುಗಿಯೋಕೆ ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಅದರಲ್ಲಿ ಒಂದೇ ಒಂದು ಕಾಳು ನಿಮ್ಮದು.

ಗೆಲ್ಲೋರು ಕಮ್ಮಿಯಾದಷ್ಟೂ ಹಣ ಮುಂದಿನ ಡ್ರಾಗೆ ಉರುಳುತ್ತದೆ, ಮೊತ್ತ ಬೆಳೆಯುತ್ತದೆ, ಸಾಲೂ ಬೆಳೆಯುತ್ತದೆ. ಅಂದರೆ ಸೋಲನ್ನು ಹೆಚ್ಚಿಸಿಯೇ ಆಸೆಯನ್ನು ಹೆಚ್ಚಿಸಿದರು. ಸಣ್ಣಪುಟ್ಟ ಬಹುಮಾನ ಸಿಗುವುದು ಮಾತ್ರ ಮೊದಲಿಗಿಂತ ಸ್ವಲ್ಪ ಸುಲಭವಾಯಿತು. ಆಸೆ ಪೂರ್ತಿ ಸಾಯಬಾರದಲ್ಲ!

ಇದರಲ್ಲಿ ಸುಳ್ಳೇನೂ ಇಲ್ಲ. ಎಲ್ಲ ಲೆಕ್ಕವೂ ಬಹಿರಂಗ. ಬಲವಂತವೂ ಇಲ್ಲ. ಉಳಿದ ದುಡ್ಡು ಎಷ್ಟೋ ರಾಜ್ಯಗಳಲ್ಲಿ ಶಾಲೆಗಳಿಗೆ ಹೋಗುತ್ತದೆ. ಹಾಗಾದರೆ ತಪ್ಪೆಲ್ಲಿದೆ?

ನನಗೆ ನೆನಪಾದದ್ದು ನಮ್ಮ ಚಿಕ್ಕಪ್ಪ. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವರದ್ದು ಲಾಟರಿ ಅಂಗಡಿ. ಒಬ್ಬ ಹಮಾಲಿ ದಿನಾ ಸಂಜೆ ಬರುತ್ತಿದ್ದ. ಚಿಕ್ಕಪ್ಪನಿಗೆ ನಾನೊಮ್ಮೆ, "ಪಾಪ ಅನ್ಸಲ್ವಾ ನಿಮಗೆ?" ಅಂತ ಕೇಳಿದ್ದೆ. "ನಾನು ಕೊಡ್ಲಿಲ್ಲ ಅಂದ್ರೆ ಪಕ್ಕದವ್ನು ಕೊಡ್ತಾನೆ ಕಣೋ" ಅಂದಿದ್ದರು. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿ ನಿಷೇಧಿಸಿತು. ಚಿಕ್ಕಪ್ಪ ಅಲ್ಲೇ ಬೀಡಾ, ಬಾಳೆಹಣ್ಣು ಇಟ್ಟರು. ಹಮಾಲಿ ಮಟ್ಕಾ ಬರೆಸತೊಡಗಿದ. ಹಾಗಾಗಿ ನಿಷೇಧವೇ ಮದ್ದು ಅಂತ ಹೇಳುವ ಧೈರ್ಯ ನನಗಿಲ್ಲ.

ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಜನರಲ್ಲಿ ಜೂಜಿನ ಆಸೆ ಇದೆ, ಅದನ್ನು ತಡೆಯೋಕಾಗಲ್ಲ, ಕಳ್ಳರ ಕೈಗೆ ಬಿಡೋದಕ್ಕಿಂತ ನಾವೇ ನಡೆಸೋಣ ಅಂತ ಸರ್ಕಾರ ಹೇಳಿದರೆ ಅದೊಂದು ವಾದ. ಆ ಆಸೆ ತಣ್ಣಗಾಗುತ್ತಿದೆ, ಅದಕ್ಕೆ ತುಪ್ಪ ಸುರಿಯೋಣ ಅಂತ ನಿಯಮ ತಿದ್ದಿದರೆ ಅದು ಬೇರೆಯೇ. ಮೊದಲನೆಯದರಲ್ಲಿ ಸರ್ಕಾರ ಕಾವಲುಗಾರ. ಎರಡನೆಯದರಲ್ಲಿ ವ್ಯಾಪಾರಿ. ಮೋಸಕ್ಕೆ ಸುಳ್ಳೇ ಬೇಕಿಲ್ಲ. ನಿನ್ನನ್ನು ಕಾಯಬೇಕಾದವನು ನಿನ್ನ ದೌರ್ಬಲ್ಯದ ಅಳತೆ ತಗೊಂಡರೆ ಸಾಕು.

ಒಂದು ಸಂಜೆ ಚಿಕ್ಕಪ್ಪ ಆ ಹಮಾಲಿಯ ನೋಟನ್ನು ವಾಪಸ್ ಕೊಟ್ಟು, "ಇವತ್ತು ಬ್ಯಾಡ, ಮನೆಗೆ ಅಕ್ಕಿ ತಗೊಂಡ್ ಹೋಗು" ಅಂದದ್ದನ್ನು ನಾನೇ ನೋಡಿದ್ದೇನೆ. ದಿನಾ ಹಾಗೆ ಮಾಡುತ್ತಿರಲಿಲ್ಲ, ಅವರಿಗೂ ಹೊಟ್ಟೆಪಾಡು. ಆದರೆ ಎದುರಿಗಿದ್ದವನ ಮುಖ ಅವರಿಗೆ ಕಾಣುತ್ತಿತ್ತು.

ನನ್ನ ಟಿಕೆಟ್ಟಿನ ಒಂದು ನಂಬರೂ ಬರಲಿಲ್ಲ. ಮುಂದಿನ ವಾರ ಬಂಕಿಗೆ ಹೋದಾಗ ಕಣ್ಣು ಮತ್ತೆ ಆ ಬೋರ್ಡಿನ ಕಡೆಗೇ ಹೋಯಿತು.