ಗೋಣಿತಟ್ಟಿಗೆ ಸಾಕ್ಷಿ ಯಾರು?

ಒಂದು ಶಾಲೆಯ ಬಗ್ಗೆ ವಿಶ್ವಕೋಶಕ್ಕೆ ನಾಲ್ಕು ಪ್ಯಾರಾ ಬರೆಯೋದು ಅಂಥಾ ದೊಡ್ಡ ಕೆಲಸವೇ ಅಂತ ಯಾರಾದರೂ ಕೇಳಬಹುದು. ಶುರುವಾದ ವರ್ಷ, ಜಾಗ ಕೊಟ್ಟವರ ಹೆಸರು, ತರಗತಿ, ಮಕ್ಕಳ ಸಂಖ್ಯೆ. ಅಲ್ಲಿಗೆ ಮುಗೀತಲ್ಲ. ಆದರೆ ಈ ದೇಶದಲ್ಲಿ ಶಾಲೆ ಅಂದರೆ ಬರೀ ಕಟ್ಟಡವಲ್ಲ. ಯಾರು ಒಳಗೆ ಬಂದರು, ಯಾರು ಜಗಲಿಯಲ್ಲೇ ಉಳಿದರು, ಯಾರ ಬೊಗಸೆಗೆ ನೀರು ಮೇಲಿನಿಂದ ಬಿತ್ತು ಅನ್ನುವ ಲೆಕ್ಕವೂ ಶಾಲೆಯ ಚರಿತ್ರೆಯೇ. ಆ ಲೆಕ್ಕ ಬರೆಯಹೊರಟರೆ ಒಂದೊಂದು ಸಾಲೂ ನಮ್ಮನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುತ್ತದೆ.

ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ವಿಕಿಪೀಡಿಯ. ಅದು ಹುಟ್ಟಿದ್ದು 2001ರಲ್ಲಿ. ಕನ್ನಡದಲ್ಲಿ 2003ರಿಂದ ಇದೆ. ಅದರ ಮುಖ್ಯ ಕಟ್ಟಳೆಗಳು ಮೂರು. ಪಕ್ಷ ವಹಿಸಬೇಡ. ಬೇರೆಯವರು ತೆಗೆದು ನೋಡಬಹುದಾದ ಆಧಾರ ಕೊಡು. ನಿನ್ನ ಸ್ವಂತ ಸಂಶೋಧನೆಯನ್ನು ಇಲ್ಲಿ ತಂದು ಸುರಿಯಬೇಡ. ಊರಲ್ಲಿ ಶಾಲೆ ಇದೆ ಅಂದಮಾತ್ರಕ್ಕೆ ಅದಕ್ಕೊಂದು ನಮೂದು ದಕ್ಕುವುದಿಲ್ಲ; ಶಾಲೆಯ ಹಂಗಿಲ್ಲದವರು ಅದರ ಬಗ್ಗೆ ಬರೆದು ಪ್ರಕಟಿಸಿರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೈಸ್ಕೂಲುಗಳಿಗೆ ರೂಢಿಯಲ್ಲಿದ್ದ ರಿಯಾಯಿತಿಯೂ 2017ರ ಚರ್ಚೆಯ ನಂತರ ಹೋಯಿತು.

ಇದನ್ನು ಓದಿದಾಗ ನಮಗೆ ಮೊದಲು ಬರುವುದು ಸಿಟ್ಟು. ಸಾಹಿತ್ಯ ನೊಂದವರ ಪಕ್ಷ ವಹಿಸಲೇಬೇಕು ಅಂತ ಹೇಳಿಕೊಂಡು ಬಂದವರು ನಾವು. ನಮ್ಮಲ್ಲಿ ಅನೇಕರು ಮನೆತನಕ್ಕೇ ಮೊದಲನೇ ಪದವೀಧರರು. ಅವ್ವ ಅಪ್ಪ ಹೆಬ್ಬೆಟ್ಟು ಒತ್ತಿದವರು. ಅಂಥವರ ಹತ್ತಿರ ‘ಅಚ್ಚಾದ ಆಧಾರ ತನ್ನಿ’ ಅಂದರೆ ಏನರ್ಥ? ಪೆನ್ನು ಹಿಡಿದವನೇ ಕಟ್ಟೆಗೆ ಕೂತು ನ್ಯಾಯ ಹೇಳಿದ, ಅವನೇ ಸಾಕ್ಷಿಯನ್ನೂ ನುಡಿದ ಅಂತಾಯಿತಲ್ಲ?

ಈ ಸಿಟ್ಟು ಸುಳ್ಳಲ್ಲ. ಆದರೆ ಸಿಟ್ಟಿನಲ್ಲೇ ಕೂತರೆ ನಮೂದು ಬರೆಯುವವರು ಬೇರೆಯವರಾಗುತ್ತಾರೆ. ಆದ್ದರಿಂದ ಒಂದು ಶಾಲೆಯನ್ನೇ ಎದುರಿಗಿಟ್ಟುಕೊಂಡು ನೋಡೋಣ.

ಸಾತಾರಾದ ಸರ್ಕಾರಿ ಹೈಸ್ಕೂಲು, ಈಗಿನ ಪ್ರತಾಪಸಿಂಹ ಹೈಸ್ಕೂಲು. ಅಲ್ಲಿನ ದಾಖಲಾತಿ ರಿಜಿಸ್ಟರಿನ 1914ನೇ ಸಂಖ್ಯೆಯಲ್ಲಿ ಭಿವಾ ರಾಮಜಿ ಆಂಬೇಡ್ಕರ್ ಅನ್ನುವ ಹೆಸರಿದೆ. ಸೇರಿದ್ದು 1900ರ ನವೆಂಬರ್ 7. ಆ ದಿನವನ್ನು ಮಹಾರಾಷ್ಟ್ರ ಸರ್ಕಾರ 2017ರಲ್ಲಿ ವಿದ್ಯಾರ್ಥಿ ದಿನ ಅಂತ ಘೋಷಿಸಿತು. ಇಷ್ಟೂ ಮಾತಿಗೆ ಕಾಗದದ ಆಧಾರ ಇದೆ. ಆದರೆ ರಿಜಿಸ್ಟರಿನಲ್ಲಿ ಹುಡುಗ ಎಲ್ಲಿ ಕೂತ ಅನ್ನುವ ಕಾಲಮ್ಮೇ ಇಲ್ಲ. ಸಾತಾರಾದ ಶಾಲಾದಿನಗಳಲ್ಲಿ ತಾನು ಮೂಲೆಯಲ್ಲಿ ಬೇರೆ ಕೂರಬೇಕಿತ್ತು, ತನ್ನ ಗೋಣಿತಟ್ಟನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ತರಬೇಕಿತ್ತು, ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲ ಅಂತ ಬರೆದವರು ಅದೇ ಹುಡುಗ, ಬಾಬಾಸಾಹೇಬರಾದ ಮೇಲೆ. ‘ವೇಯ್ಟಿಂಗ್ ಫಾರ್ ಎ ವೀಸಾ’ ಅನ್ನುವ ಆ ಬರಹದ ಕಾಲ 1935–36ರ ಸುಮಾರು. ಪುಸ್ತಿಕೆಯಾಗಿ ಅಚ್ಚಾದದ್ದು 1990ರಲ್ಲಿ, ಅವರು ತೀರಿಕೊಂಡು 34 ವರ್ಷವಾದ ಮೇಲೆ.

ಈಗ ಯೋಚಿಸಿ. ಆ ಹಾಳೆಗಳು ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಗೆದ್ದಲು ತಿಂದು ಹೋಗಿದ್ದರೆ? ರಿಜಿಸ್ಟರು ಉಳಿದಿರುತ್ತಿತ್ತು, ಅವರೇ ಬರೆದ ಗೋಣಿತಟ್ಟಿನ ಮಾತು ಹೋಗಿರುತ್ತಿತ್ತು. ನಮೂದು ‘ನಿಷ್ಪಕ್ಷಪಾತ’ವಾಗಿಯೇ ಕಾಣುತ್ತಿತ್ತು, ಅರ್ಧ ಸತ್ಯವಾಗಿ. ಇಲ್ಲಿ ನಮಗೆ ಎರಡು ಮಾತು ತಿಳಿಯುತ್ತವೆ. ಆಧಾರವಿಲ್ಲ ಅನ್ನುವುದು, ನಡೆದಿಲ್ಲ ಅನ್ನುವುದಕ್ಕೆ ಸಮ ಅಲ್ಲ. ಹಾಗೆಯೇ, ನಡೆದದ್ದು ಉಳಿಯಬೇಕಾದರೆ ಯಾರಾದರೊಬ್ಬರು ಕೂತು ಬರೆಯಲೇಬೇಕು.

ಬರೆದದ್ದೆಲ್ಲ ಸತ್ಯ ಅಂತಲೂ ಅಲ್ಲ. ನಮ್ಮ ಕೇರಿಗಳಲ್ಲಿ ಜೂನ್ 1ನೇ ತಾರೀಕು ಹುಟ್ಟಿದವರು ಎಷ್ಟು ಜನ ಲೆಕ್ಕ ಹಾಕಿ ನೋಡಿ! ಮಳೆಗಾಲದಲ್ಲಿ ಹುಟ್ಟಿದವನೂ ಅದೇ ದಿನ, ಸುಗ್ಗಿಯಲ್ಲಿ ಹುಟ್ಟಿದವಳೂ ಅದೇ ದಿನ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ತಾರೀಕದು. ಸರ್ಕಾರಿ ಮೊಹರು ಬಿದ್ದ ಕಾಗದವನ್ನೂ ಪ್ರಶ್ನಿಸಬೇಕು, ನಮ್ಮ ತಾತನ ನೆನಪನ್ನೂ ಪ್ರಶ್ನಿಸಬೇಕು. ಕಾಗದವನ್ನು ಮಾತ್ರ ನಂಬಿದರೆ ಅದು ಉಳ್ಳವರ ವಿಶ್ವಕೋಶ. ನೆನಪನ್ನು ಮಾತ್ರ ನಂಬಿದರೆ ಅದು ನಮ್ಮ ಹಾಡು. ಹಾಡು ಬೇಕು, ಆದರೆ ಅದರ ಜಾಗ ಬೇರೆ.

ಹಾಗಾದರೆ ಪಕ್ಷ ವಹಿಸದೆ ಬರೆಯೋದು ಅಂದರೆ ಹೇಡಿತನವೇ? ಇದಕ್ಕೆ ಉತ್ತರವಾಗಿ ನಮ್ಮದೇ ಧಾರವಾಡದ ಒಂದು ಪ್ರಸಂಗ ಇದೆ. 1856ರಲ್ಲಿ ಮಹಾರ್ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಬೊಂಬಾಯಿ ಸರ್ಕಾರ ತನ್ನ ನಿರ್ಣಯದಲ್ಲಿ ಅರ್ಜಿದಾರನ ಕಡೆ ನ್ಯಾಯವಿದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡೇ, ಒಬ್ಬಿಬ್ಬರಿಗಾಗಿ ತಲತಲಾಂತರದ ಪೂರ್ವಗ್ರಹವನ್ನು ಕೆಣಕಿದರೆ ವಿದ್ಯಾಭ್ಯಾಸಕ್ಕೇ ಧಕ್ಕೆ ಅಂತ ಬಾಗಿಲು ಹಾಕಿತು. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕಾದವು ಅಂತ ಹೇಳಬೇಕಾಯಿತು.

ಈ ಪ್ರಸಂಗವನ್ನು ಎರಡು ರೀತಿ ಬರೆಯಬಹುದು. ‘ಕ್ರೂರ, ಅಮಾನುಷ, ನೀಚ ಸರ್ಕಾರ’ ಅಂತ ಶುರುಮಾಡಬಹುದು. ಇಲ್ಲವೇ ವರ್ಷ ಹೇಳಿ, ಅರ್ಜಿ ಹೇಳಿ, ಸರ್ಕಾರ ಕೊಟ್ಟ ಕಾರಣ ಹೇಳಿ ಸುಮ್ಮನಾಗಬಹುದು. ಎರಡನೆಯದೇ ಹೆಚ್ಚು ಸುಡುತ್ತದೆ. ಬೈಗುಳವನ್ನು ಅಳಿಸಿಹಾಕಬಹುದು, ನ್ಯಾಯ ಅವನ ಕಡೆ ಇದೆ ಅಂತ ಬರೆದ ಕೈಯೇ ಬಾಗಿಲು ಹಾಕಿದ್ದನ್ನು ಅಳಿಸೋದಕ್ಕೆ ಆಗುವುದಿಲ್ಲ. 1928ರಲ್ಲಿ ಬೊಂಬಾಯಿ ಪ್ರಾಂತ್ಯದ ದಲಿತರ ವಿದ್ಯಾಭ್ಯಾಸದ ಬಗ್ಗೆ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಈ ಧಾರವಾಡದ ಪ್ರಕರಣವನ್ನು ಮುಂದಿಟ್ಟರು. ಗೋಣಿತಟ್ಟಿನ ಮೇಲೆ ಕೂತು ಓದಿದ ಮನುಷ್ಯ ಸರ್ಕಾರದ ಕಾಗದದಿಂದಲೇ ಸರ್ಕಾರಕ್ಕೆ ಸಾಕ್ಷಿ ಹೇಳಿಸಿದರು. ಆಧಾರ ಕೇಳುವುದು ಉಳ್ಳವರ ಪಿತೂರಿ ಅನ್ನುವವರು ಇದನ್ನು ಮರೆಯಬಾರದು.

ಇವತ್ತಿನ ಶಾಲೆಗೆ ಬನ್ನಿ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಕೋಣೆ ಎಷ್ಟು, ಶೌಚಾಲಯ ಎಷ್ಟು, ಪರಿಶಿಷ್ಟ ಜಾತಿಯ ಮಕ್ಕಳು ಎಷ್ಟು, ಎಲ್ಲಾ ಅದರಲ್ಲಿ ಸಿಗುತ್ತದೆ. ಆ ಶೌಚಾಲಯ ತೊಳೆಯುವ ಮಗು ಯಾರದು ಅನ್ನೋದು ಸಿಗುವುದಿಲ್ಲ. ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ಉಣ್ಣಬೇಡ ಅಂತ ಮಕ್ಕಳಿಗೆ ಹೇಳಿಕೊಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿದ್ದರೆ ಅದು ನಮೂದಿನಲ್ಲಿ ಇರಬೇಕೇ? ಇರಬೇಕು. ತಾರೀಕಿನ ಸಮೇತ, ದೂರು ಯಾರದು, ಶಾಲೆ ಏನಂತು, ಆಮೇಲೆ ಏನಾಯಿತು ಅನ್ನುವುದರ ಸಮೇತ. ಮಕ್ಕಳ ಹೆಸರು ಮಾತ್ರ ಬೇಡ. ಒಂದು ವಾರದ ಘಟನೆಯನ್ನು ಎಳೆದೂ ಎಳೆದೂ ಐವತ್ತು ವರ್ಷದ ಶಾಲೆಯ ಪೂರ್ತಿ ಚರಿತ್ರೆ ಮಾಡಕೂಡದು. ಊರ ಮಾನ ಹೋಗುತ್ತೆ ಅಂತ ಕಿತ್ತುಹಾಕಲೂಕೂಡದು. ಬೆಂಚಿಗೂ ಗೋಣಿತಟ್ಟಿಗೂ ನಡುವೆ ಅಳತೆ ಹಿಡಿದು ಮಧ್ಯದಲ್ಲಿ ನಿಲ್ಲುವುದು ನಿಷ್ಪಕ್ಷಪಾತ ಅಲ್ಲ. ಬೆಂಚೂ ಇತ್ತು, ಗೋಣಿತಟ್ಟೂ ಇತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳುವುದೇ ನಿಷ್ಪಕ್ಷಪಾತ.

ಹತ್ತಿರದ ಸಂಬಂಧ ಇರುವವರು ನಮೂದನ್ನು ಬರೆಯದಿರುವುದೇ ಒಳ್ಳೆಯದು ಅನ್ನುವ ಮಾತೂ ಇದೆ. ‘ನೂರಕ್ಕೆ ನೂರು ಫಲಿತಾಂಶ, ಹಚ್ಚಹಸಿರು ಪರಿಸರ’ ಅಂತ ಬರೆಯುವ ಹೆಡ್‌ಮಾಸ್ಟರರಿಗೂ ಇದು ಅನ್ವಯ. ಅಲ್ಲೇ ಓದಿ ಅಲ್ಲೇ ನೊಂದ ನಮಗೂ ಅನ್ವಯ. ಇದು ಕಹಿ. ಆದರೂ ನುಂಗಬೇಕಾದ ಕಹಿ. ನಮ್ಮ ನೋವನ್ನು ನಾವೇ ನಮೂದಿಗೆ ಸೇರಿಸಿದರೆ ನಾಳೆ ಊರಗೌಡರ ಮಗ ತನ್ನ ತಾತನ ಔದಾರ್ಯವನ್ನು ಸೇರಿಸುತ್ತಾನೆ. ಅವನನ್ನು ತಡೆಯೋದಕ್ಕೆ ನಮ್ಮ ಹತ್ತಿರ ಆಗ ಯಾವ ನ್ಯಾಯವೂ ಉಳಿದಿರುವುದಿಲ್ಲ.

ಅದಕ್ಕೇ ನಮ್ಮ ಕೆಲಸ ನಮೂದಿಗಿಂತ ಒಂದು ಹೆಜ್ಜೆ ಹಿಂದೆ ಶುರುವಾಗಬೇಕು. ಹಳ್ಳಿಯ ಮೇಷ್ಟರುಗಳೇ, ಹಳೇ ರಿಜಿಸ್ಟರುಗಳನ್ನು ರದ್ದಿಗೆ ಹಾಕಬೇಡಿ. ವಿದ್ಯಾರ್ಥಿ ಗೆಳೆಯರೇ, ಮಾಹಿತಿ ಹಕ್ಕಿನ ಕಾಯಿದೆ 2005ರಿಂದ ಇದೆ, ಒಂದು ಅರ್ಜಿ ಬರೆಯಿರಿ. ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುವಾಗ ದಾನಿಗಳ ಫೋಟೋ ಜೊತೆಗೆ ಕೇರಿಯಿಂದ ಮೊದಲು ಶಾಲೆಗೆ ಬಂದ ಅಜ್ಜಿಯ ಮಾತನ್ನೂ, ಅವಳ ಒಪ್ಪಿಗೆ ಕೇಳಿ, ಅವಳ ಹೆಸರಲ್ಲಿ, ತಾರೀಕು ಹಾಕಿ ಅಚ್ಚುಮಾಡಿ. ಇಂಥ ಪುಟ್ಟ ಪತ್ರಿಕೆಗಳು ಇರುವುದೂ ಅದಕ್ಕೇ. ಅಜ್ಜಿ ಹೇಳಿದಳು ಅಂತಲೇ ಹೇಳಿ. ಜಗತ್ತೇ ಹೇಳಿತು ಅನ್ನಬೇಡಿ. ಆಮೇಲೆ ಯಾರೋ ಒಬ್ಬ, ನಮ್ಮ ಗುರುತೇ ಇಲ್ಲದವನು, ಆ ಪುಟವನ್ನು ತೆಗೆದು ನಮೂದಿಗೆ ಒಂದು ಸಾಲು ಸೇರಿಸುತ್ತಾನೆ. ಆ ಸಾಲಿಗೆ ಕೋಪ ಇರುವುದಿಲ್ಲ, ಪ್ರಾಸ ಇರುವುದಿಲ್ಲ. ವರ್ಷ ಇರುತ್ತದೆ, ಹೆಸರಿರುತ್ತದೆ, ಪುಟಸಂಖ್ಯೆ ಇರುತ್ತದೆ.

ಧಾರವಾಡದ ಆ ಹುಡುಗ ಸರ್ಕಾರದ ನಿರ್ಣಯದಲ್ಲಿ ಬರೀ ಮಹಾರ್ ಅರ್ಜಿದಾರ. ಅವನ ಹೆಸರು ಬರೆದಿಡುವ ಕೈ ಅವನ ಕೇರಿಯಲ್ಲಿ ಆಗ ಇರಲಿಲ್ಲ. ಈಗ ಇದೆ.