ನಂಬಿಕೆಯೆಂಬ ಮಾತಿನ ಬೇರು

ನಾವು ನಂಬಿಕೆಯೆಂದು ಕರೆಯುವದನ್ನು ಇಂಗ್ಲಿಷರು ‘ಫೇತ್’ ಎನ್ನುತ್ತಾರೆ. ಈ ಮಾತು ಲತೀನಿನ ‘ಫಿದೆಸ್’ ಎಂಬದರಿಂದ ಹುಟ್ಟಿ, ಹಳೇ ಫ್ರೆಂಚ್ ಭಾಷೆಯ ಮಾರ್ಗವಾಗಿ ಇಂಗ್ಲಿಷಿಗೆ ಬಂತು. ಕೊಟ್ಟ ಮಾತಿಗೆ ತಪ್ಪದಿರುವದೂ, ಅಂಥವನ ಮೇಲೆ ಇತರರು ಇಡುವ ಭರವಸವೂ ರೋಮಾಪುರದವರಿಗೆ ಈ ಒಂದೇ ಶಬ್ದದಲ್ಲಿ ಅಡಗಿದ್ದವು. ‘ಬಿಲೀಫ್’ ಎಂಬ ಇನ್ನೊಂದು ಮಾತಿನ ಬೇರಿನಲ್ಲಿ ಪ್ರಿಯವೆಂದೆಣಿಸುವ ಅರ್ಥವದೆ. ಇಬ್ರಿಯದ ‘ಎಮೂನಾ’ ಎಂಬದಕ್ಕೆ ಸ್ಥಿರತೆಯೆಂದರ್ಥ. ಪ್ರಾರ್ಥನೆಯ ಕೊನೆಯಲ್ಲಿ ನಾವು ಹೇಳುವ ಆಮೆನ್ ಅದೇ ಧಾತುವಿನದು.

ಹಾಗಾದರೆ ದೇವರಿದ್ದಾನೆಂದು ಒಪ್ಪುವದು ಮಾತ್ರವೇ ನಂಬಿಕೆಯೋ? ಅಲ್ಲ, ದೆವ್ವಗಳೂ ಅಷ್ಟನ್ನು ಒಪ್ಪಿ ನಡುಗುತ್ತವೆಂದು ಯಾಕೋಬನು ಬರೆದಿದ್ದಾನೆ. ನೆರೆಯವನು ಸತ್ಯವಂತನೆಂದು ಬಾಯಲ್ಲಿ ಹೊಗಳಿ, ಅವನಿಗೆ ಒಂದು ಕೊಳಗ ಬಿತ್ತನೆಯ ಭತ್ತವನ್ನು ಸಹ ಕಡ ಕೊಡಲೊಲ್ಲದವನು ಅವನನ್ನು ನಂಬಿದನೆಂದು ಹೇಳಬಹುದೇ? ಕೊಟ್ಟವನೇ ನಂಬಿದವನು. ಇನ್ನು ಕಡ ತಂದವನು ಸುಗ್ಗಿಯಲ್ಲಿ ಅದನ್ನು ಅಳೆದು ಹಿಂದಕ್ಕೆ ಕೊಟ್ಟರೆ ಅವನು ನಂಬತಕ್ಕವನು. ಈ ಎರಡೂ ಸೇರಿದಲ್ಲಿಯೇ ಆ ಹಳೇ ಶಬ್ದವು ಪೂರ್ಣವಾಗುತ್ತದೆ.

ಆದದರಿಂದ ದೇವರನ್ನು ನಂಬುತ್ತೇವೆನ್ನುವ ನಾವು ಮನುಷ್ಯರಿಗೆ ನಂಬತಕ್ಕವರಾಗಿದ್ದೇವೋ ಎಂದು ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ. ಭಾನುವಾರ ಆಮೆನ್ ಅಂದು ಸೋಮವಾರ ಮಾತಿಗೆ ತಪ್ಪುವವನಲ್ಲಿ ಆ ಶಬ್ದದ ಧ್ವನಿ ಮಾತ್ರ ಉಂಟು, ಅರ್ಥವಿಲ್ಲ.